ನೆಟ್‌ವರ್ಕ್ ಸರಿಯಿಲ್ಲದಿದ್ದರೆ ಕಂಪನಿ ಬದಲಿಸುವುದೇ ಪರಿಹಾರವೇ?

ಪರ: ಬದಲಿಸಬೇಕು, ತಡ ಮಾಡಬಾರದು

ಮೊಬೈಲ್ ಸಂಖ್ಯೆಯನ್ನು ಹಾಗೆಯೇ ಉಳಿಸಿಕೊಂಡು ಕಂಪನಿಯನ್ನು ಮಾತ್ರ ಬದಲಿಸುವ ಸೌಲಭ್ಯ 2010ರ ನವೆಂಬರ್ 25ರಂದು ಹರಿಯಾಣದಲ್ಲಿ ಆರಂಭವಾಗಿ, 2011ರ ಜನವರಿ 20ರಂದು ದೇಶದ ಉಳಿದೆಡೆಗೂ ಬಂತು. 2015ರ ಜುಲೈನಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ಹಳೆಯ ಸಂಖ್ಯೆಯೇ ಸಾಕು. ಇಷ್ಟಾದರೂ ನಮ್ಮಲ್ಲಿ, ಅದರಲ್ಲೂ ಮಲೆನಾಡಿನ ಹಿರಿಯರಲ್ಲಿ, ಮೊದಲು ಕೊಂಡ ಸಿಮ್ಮನ್ನು ಮನೆದೇವರಂತೆ ಕಾಣುವವರೇ ಹೆಚ್ಚು. ಹಿಂದೆ ಸೌಲಭ್ಯವಿರಲಿಲ್ಲ, ಸಹಿಸಿಕೊಂಡರು. ಈಗ ಸಹಿಸಿಕೊಳ್ಳುವುದಕ್ಕೆ ಕಾರಣವೇ ಇಲ್ಲ.

ಬದಲಿಸುವ ಕ್ರಮ ಸುಲಭವಾಗಿದೆ. ಪೋರ್ಟ್ (PORT) ಎಂಬ ಪದದ ನಂತರ ನಮ್ಮ ಸಂಖ್ಯೆಯನ್ನು ಬರೆದು 1900ಕ್ಕೆ ಸಂದೇಶ ಕಳುಹಿಸಿದರೆ ಒಂದು ಕೋಡ್ ಬರುತ್ತದೆ. ಅದನ್ನೂ ಆಧಾರ್ ಕಾರ್ಡನ್ನೂ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋದರೆ ಹೊಸ ಸಿಮ್ ಸಿಗುತ್ತದೆ. 2019ರ ಡಿಸೆಂಬರ್ 16ರಿಂದ ಜಾರಿಗೆ ಬಂದ ನಿಯಮದಂತೆ, ಒಂದೇ ಟೆಲಿಕಾಂ ವೃತ್ತದೊಳಗಿನ, ಅಂದರೆ ಹೆಚ್ಚಾಗಿ ಒಂದು ರಾಜ್ಯದಷ್ಟಿರುವ ಸೇವಾ ಪ್ರದೇಶದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು.

ಈ ಸಂದೇಶಕ್ಕಿರುವ ಶಕ್ತಿ ಬೇರಾವ ದೂರಿಗೂ ಇಲ್ಲ. ಕಸ್ಟಮರ್ ಕೇರ್‌ಗೆ ಕರೆ ಮಾಡಿದವರಿಗೆ ಗೊತ್ತಿದೆ: ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂಬ ಆಜ್ಞೆಗಳನ್ನು ದಾಟಿ ಮನುಷ್ಯರ ದನಿ ಸಿಗುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗಿರುತ್ತದೆ. ದೂರಿಗೊಂದು ಸಂಖ್ಯೆ ಕೊಡುತ್ತಾರೆ. ಸ್ವಲ್ಪ ಕಾಲದಲ್ಲಿ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶ ಬರುತ್ತದೆ. ಅದರ ಮೇಲೆ ಮೇಲ್ಮನವಿ ಪ್ರಾಧಿಕಾರವಿದೆಯಾದರೂ ಅದೂ ಅದೇ ಕಂಪನಿಯದು, ಮತ್ತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ವಿಚಾರಿಸುವುದಿಲ್ಲ. ಆದರೆ 1900ಕ್ಕೆ ಸಂದೇಶ ಕಳುಹಿಸಿ ನೋಡಿ, ಅಲ್ಲಿಯವರೆಗೆ ಕರೆ ಎತ್ತದವರು ತಾವಾಗಿಯೇ ಕರೆ ಮಾಡಿ, ಏನು ತೊಂದರೆಯಾಯಿತು, ಕಡಿಮೆ ದರದ ಪ್ಯಾಕ್ ಕೊಡಲೇ ಎಂದು ವಿನಯದಿಂದ ಕೇಳುತ್ತಾರೆ. ಹೊರಟುಹೋಗುವವರಿಗೆ ಮಾತ್ರ ಸಿಗುವ ಈ ಮರ್ಯಾದೆಯನ್ನು ಉಳಿದುಕೊಂಡವರು ಎಂದೂ ಕಾಣರು.

ನನ್ನ ತಾಯಿ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಅವರ ಫೋನಿಗೆ ಸಿಗ್ನಲ್ ಸಿಗುತ್ತಿದ್ದುದು ಅಡಿಕೆ ಒಣಗಿಸುವ ಅಂಗಳದ ಒಂದು ಮೂಲೆಯಲ್ಲಿ, ಅದೂ ಕರೆಂಟ್ ಇದ್ದಾಗ. ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಟವರಿನ ಬ್ಯಾಟರಿಯೂ ಸತ್ತು, ಜನರೇಟರಿಗೆ ಡೀಸೆಲ್ಲೂ ಬಾರದೆ ಎಲ್ಲವೂ ಮೌನವಾಗುತ್ತಿತ್ತು. ನಾನು ದೂರು ಕೊಟ್ಟಾಗ ಆ ಕಡೆಯವರು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರು. ಇನ್ನೊಮ್ಮೆ ಸಿಮ್ ತೆಗೆದು ಒರೆಸಿ ಹಾಕಿ ಎಂದರು. ಅಂಗಳದಲ್ಲಿ ನಿಂತು ಈ ಉಪದೇಶ ಕೇಳಿಸಿಕೊಂಡ ಅಮ್ಮ, 'ನಮ್ಮ ಫೋನು ಸರಿಯಾಗಿಯೇ ಇದೆ ಮಾರಾಯರೇ, ನೀವು ನಿಮ್ಮ ಕಂಬ ನೋಡಿಕೊಳ್ಳಿ' ಎಂದು ಕರೆ ಕಡಿದರು. ಬೆಂಗಳೂರಿನಿಂದ ನಮ್ಮ ಚಿಕ್ಕಪ್ಪನ ಮಗ ಊರಿಗೆ ಬಂದಾಗ, ಬೇರೆ ಕಂಪನಿಯ ಸಿಮ್ ಇದ್ದ ಅವನ ಫೋನು ಅಡುಗೆಮನೆಯೊಳಗೇ ರಿಂಗಾಯಿತು. ಅಮ್ಮ ಅಂದೇ ತೀರ್ಮಾನಿಸಿದರು. ಈಗ ಅವರು ದಿನವೂ ತೀರ್ಥಹಳ್ಳಿಯ ಚಿಕ್ಕಮ್ಮನಿಗೆ ಕರೆ ಮಾಡಿ, ಕೊಳೆರೋಗದಿಂದ ಹಿಡಿದು ಎದುರುಮನೆಯ ಗೃಹಪ್ರವೇಶದವರೆಗೆ ಎಲ್ಲವನ್ನೂ ವರದಿ ಮಾಡುತ್ತಾರೆ. ನಾನು ಕರೆ ಮಾಡಿದಾಗಲೆಲ್ಲ ಅವರ ಸಂಖ್ಯೆ ಕಾರ್ಯನಿರತವಾಗಿರುತ್ತದೆ.

ಯಾವ ಕಂಪನಿ ಒಳ್ಳೆಯದೆಂದು ತಿಳಿಯುವುದು ಹೇಗೆಂದು ಕೇಳುವವರಿದ್ದಾರೆ. ಕಂಪನಿಗಳು ಈಗ ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸಲೇಬೇಕು, ನೋಡಬಹುದು. ಆದರೆ ನಕ್ಷೆಯ ಬಣ್ಣಕ್ಕೆ ನಮ್ಮ ಮನೆಯ ಮಣ್ಣಿನ ಗೋಡೆ ಗೊತ್ತಿಲ್ಲ. ಅಕ್ಕಪಕ್ಕದವರ ಫೋನನ್ನು ಕೇಳಿ ಪಡೆದು ಕೋಣೆ ಕೋಣೆಯಲ್ಲೂ ಪರೀಕ್ಷಿಸಿ, ಸಾಧ್ಯವಾದರೆ ಮಳೆಗಾಲದ ಒಂದು ಸಂಜೆ ಕರೆಂಟ್ ಹೋದ ಮೇಲೂ ಪರೀಕ್ಷಿಸಿ. ಫೋನಿನಲ್ಲಿ ಎರಡು ಸಿಮ್‌ಗೆ ಜಾಗವಿದ್ದರೆ ಹೊಸ ಕಂಪನಿಯ ಅಗ್ಗದ ಸಿಮ್ಮೊಂದನ್ನು ಸ್ವಲ್ಪ ದಿನ ಹಾಕಿ ನೋಡುವುದು ಇನ್ನೂ ಉತ್ತಮ. ಎಲ್ಲ ಕಂಪನಿಗಳೂ ಒಂದೇ, ಬದಲಿಸಿ ಏನು ಪ್ರಯೋಜನ ಎನ್ನುವವರು ಬಹುಶಃ ಹತ್ತಿರದಲ್ಲೇ ಟವರ್ ಇರುವ ಊರಿನಲ್ಲಿ ಕುಳಿತು ಹಾಗೆ ಹೇಳುತ್ತಾರೆ.

ವಿರೋಧ: ಬದಲಿಸಿದ ಮಾತ್ರಕ್ಕೆ ಸಿಗ್ನಲ್ ಬರುವುದಿಲ್ಲ

ದೂರಸಂಪರ್ಕ ಕ್ಷೇತ್ರದಲ್ಲಿ ಕೆಲಕಾಲ ದುಡಿದವನೆಂಬ ಕಾರಣಕ್ಕೆ ಈ ಪಕ್ಷವನ್ನು ನನಗೆ ಒಪ್ಪಿಸಲಾಗಿದೆ. ಬದಲಿಸುವ ಹಕ್ಕೇ ಬೇಡವೆಂದು ನಾನೂ ಹೇಳಲಾರೆ. ಆದರೆ 1900 ಎಂಬುದನ್ನು ಮಂತ್ರವೆಂದು ನಂಬಿದವರಿಗೆ ಕಂಬದ ವಿಷಯವನ್ನು ಯಾರಾದರೂ ಹೇಳಲೇಬೇಕಾಗುತ್ತದೆ.

ಸಿಗ್ನಲ್ ಬರುವುದು ಸಿಮ್ಮಿನಿಂದಲ್ಲ, ಟವರಿನಿಂದ. ಟವರುಗಳಲ್ಲಿ ಅನೇಕವು ಮೊಬೈಲ್ ಕಂಪನಿಗಳ ಸ್ವಂತದವೂ ಅಲ್ಲ. ಇಂಡಸ್ ಟವರ್ಸ್‌ನಂಥ ಸಂಸ್ಥೆಗಳು ಅವುಗಳನ್ನು ನಿಲ್ಲಿಸಿ ಹಲವು ಕಂಪನಿಗಳಿಗೆ ಬಾಡಿಗೆಗೆ ಕೊಡುತ್ತವೆ. ಒಂದೇ ಕಂಬದ ಮೇಲೆ ಎರಡು ಕಂಪನಿಗಳ ಆಂಟೆನಾಗಳಿದ್ದಾಗ ಕರೆಂಟ್ ಹೋಗಿ ಬ್ಯಾಟರಿ ಬರಿದಾದರೆ ಇಬ್ಬರೂ ಕೂಡಿಯೇ ಮಲಗುತ್ತಾರೆ. ಕಣಿವೆಯ ಊರಿನಲ್ಲಿ ಗುಡ್ಡ ಅಡ್ಡವಿದ್ದರೆ ಎಲ್ಲ ಕಂಪನಿಗೂ ಅಡ್ಡವೇ. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಬಾಲಕಿಯೊಬ್ಬಳು ರಸ್ತೆಬದಿಯಲ್ಲಿ ಆನ್‌ಲೈನ್ ತರಗತಿ ಕೇಳುತ್ತಿದ್ದಾಗ ಅವಳ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಆ ಮನೆಯವರಿಗೆ ಬೇಕಾಗಿದ್ದುದು ಸಮೀಪದಲ್ಲೊಂದು ಟವರೇ ಹೊರತು ಇನ್ನೊಂದು ಅಂಗಡಿಯ ಸಿಮ್ಮಲ್ಲ.

ಬದಲಾವಣೆಗೆ ವೆಚ್ಚವೂ ಇದೆ, ಅದು ಶುಲ್ಕದ ರೂಪದಲ್ಲಿ ಕಾಣುವುದಿಲ್ಲ ಅಷ್ಟೆ. ಪ್ರೀಪೇಯ್ಡ್ ಗ್ರಾಹಕರು ಪೋರ್ಟ್ ಮಾಡಿಸಿದರೆ ಹಳೆಯ ಸಿಮ್ಮಿನಲ್ಲಿ ಉಳಿದ ಹಣವೂ ಪ್ಯಾಕಿನ ಅವಧಿಯೂ ಹೋಗುತ್ತವೆ. ವರ್ಷದ ರೀಚಾರ್ಜ್ ಮಾಡಿಸಿಕೊಂಡವರಿಗೆ ಇದು ಸಣ್ಣ ನಷ್ಟವಲ್ಲ. ಒಮ್ಮೆ ಬದಲಿಸಿದ ಮೇಲೆ 90 ದಿನಗಳವರೆಗೆ ಹೊಸ ಕಂಪನಿಯಲ್ಲೇ ಇರಬೇಕು. ಬದಲಾವಣೆಯ ನಡುವೆ ಕೆಲವು ಗಂಟೆ ಯಾವ ಸಿಮ್ಮೂ ಕೆಲಸ ಮಾಡದಿರುವಾಗ ಬ್ಯಾಂಕಿನ ಒಟಿಪಿ ಬೇಕಾದರೆ ಏನು ಮಾಡುವುದು?

ಇದಕ್ಕಿಂತ ಸರಳವಾದ ದಾರಿಗಳಿವೆ. ಹಳ್ಳಿಗಳಿಗೂ ಈಗ ಫೈಬರ್ ಇಂಟರ್ನೆಟ್ ಬಂದಿದೆ. ಅದಿರುವ ಮನೆಯಲ್ಲಿ ಫೋನಿನ ಸೆಟ್ಟಿಂಗ್‌ನಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿದರೆ ಟವರಿನ ಹಂಗಿಲ್ಲದೆ ಸಾಮಾನ್ಯ ಕರೆಗಳೇ ಬರುತ್ತವೆ, ಫೋನು ಮತ್ತು ಕಂಪನಿ ಎರಡೂ ಅದಕ್ಕೆ ಒಪ್ಪುವಂತಿದ್ದರೆ. 2025ರ ಜನವರಿಯಿಂದ, ಹಳ್ಳಿಗಾಡಿಗೆ ದೂರಸಂಪರ್ಕ ಒದಗಿಸಲು ಇರುವ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಕಟ್ಟಿದ 4ಜಿ ಟವರುಗಳಲ್ಲಿ ಒಂದು ಕಂಪನಿಯ ಗ್ರಾಹಕರು ಇನ್ನೊಂದರ ಸಿಗ್ನಲ್ ಬಳಸುವ ವ್ಯವಸ್ಥೆಯನ್ನೂ ಸರ್ಕಾರ ಆರಂಭಿಸಿದೆ. ಅಂಥ ಟವರುಗಳು ಹೆಚ್ಚಿದಷ್ಟೂ ಕಂಪನಿ ಯಾವುದೆಂಬ ಪ್ರಶ್ನೆಯ ತೂಕ ತಗ್ಗುತ್ತದೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಸಿಮ್ ಬದಲಿಸುವ ಬದಲು ಸೇರಿ ಟವರಿಗಾಗಿ ಮನವಿ ಕೊಡುವುದು ನಿಧಾನದ ದಾರಿಯಾದರೂ ಗುಡ್ಡವನ್ನು ದಾಟುವುದು ಅದರಿಂದಲೇ.

ಕಸ್ಟಮರ್ ಕೇರ್‌ನ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ; ಅಲ್ಲಿ ಎದುರು ಪಕ್ಷದವರ ಬಳಿ ಕಥೆಗಳು ಹೆಚ್ಚಿವೆ. ಇಷ್ಟಾಗಿಯೂ ಬದಲಿಸಲೇಬೇಕೆನಿಸಿದವರು ಪ್ಯಾಕ್ ಮುಗಿಯುವ ವಾರವನ್ನು ಆರಿಸಿಕೊಂಡು, ಆ ದಿನಗಳಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳದಿರುವುದು ಒಳ್ಳೆಯದು. ವಿರೋಧದ ಪಕ್ಷದಲ್ಲಿ ನಿಂತು ಈ ಸಲಹೆ ಕೊಡಬಾರದಿತ್ತೇನೋ.