ಮಂಗನ ಬಾಬ್ತು

ರಾತ್ರಿ ಊಟ ಮುಗಿಸಿ ಫ್ಯಾನ್ ಹಾಕಿದೆ. ಮುಖಕ್ಕೆ ತುಂತುರು ಬಿತ್ತು. ಎದುರಿಗೆ ಕೂತಿದ್ದ ಷಡ್ಡಕರು ಸೀನಿದರೇನೋ ಎಂದುಕೊಂಡು ಮರ್ಯಾದೆಗೆ ಸುಮ್ಮನಿದ್ದೆ. ಅವರೂ ನನ್ನ ಬಗ್ಗೆ ಹಾಗೇ ಅಂದುಕೊಂಡು ಸುಮ್ಮನಿದ್ದರಂತೆ. ಇಬ್ಬರ ಕನ್ನಡಕವೂ ಒದ್ದೆಯಾದ ಮೇಲೆ ತಲೆ ಎತ್ತಿ ನೋಡಿದೆವು. ಫ್ಯಾನಿನ ಕೊಕ್ಕೆಯ ಹತ್ತಿರ ಇಳಿದ ನೀರು ರೆಕ್ಕೆಗೆ ಬಂದು, ಅಲ್ಲಿಂದ ಹಾಲಿನಲ್ಲಿದ್ದವರಿಗೆಲ್ಲ ಪ್ರೋಕ್ಷಣೆಯಾಗುತ್ತಿತ್ತು. ನನ್ನ ಹೆಂಡತಿ ಓಡಿ ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದಳು. ಕತ್ತಲಲ್ಲಿ ಷಡ್ಡಕರು ಹಾಡು ಶುರು ಮಾಡಿದರು.

ಯಾವ ಹಾಡು ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಮನೆ ಸೋರುತ್ತಿದೆ ಎಂದು ಕನ್ನಡದವರ ಮುಂದೆ ಬಾಯಿ ಬಿಡಬಾರದು. ಎಲ್ಲರಿಗೂ ಅದೇ ಹಾಡು, ಈಗಷ್ಟೇ ತಮಗೇ ಹೊಳೆಯಿತು ಎಂಬ ಅದೇ ನಗು. ಈ ದಸರೆಯಲ್ಲಿ ನಾನು ಲೆಕ್ಕ ಇಟ್ಟಿದ್ದೆ. ಬೊಂಬೆ ನೋಡಲು ಬಂದವರಲ್ಲಿ 11 ಜನ ಹಾಡಿದರು. ಒಬ್ಬರೂ ಬಕೆಟ್ ಎತ್ತಿ ನೀರು ಚೆಲ್ಲಿ ಬರಲಿಲ್ಲ.

ದಸರೆಗೆ ಮುಂಚೆಯೇ ಮೂವರು ಮೇಸ್ತ್ರಿಗಳು ಬಂದು ಹೋಗಿದ್ದರು. ಮೊದಲನೆಯವನು ತಾರಸಿಗೆಲ್ಲ ಬಿಳಿ ಕೋಟಿಂಗ್ ಬಳಿದ. ಎರಡನೆಯವನು ಅದನ್ನು ಉಗುರಲ್ಲಿ ಕೆರೆದು, "ಯಾರು ಸಾರ್ ಇದನ್ನ ಮಾಡಿದ್ದು?" ಎಂದು ಮರುಕದಿಂದ ಕೇಳಿ ಡಾಂಬರ್ ಶೀಟು ಹಾಸಿದ. ಮೂರನೆಯವನು ಶೀಟನ್ನು ಕಾಲಲ್ಲಿ ಒತ್ತಿ ನೋಡಿ, "ಯಾರು ಸಾರ್ ಇದನ್ನ ಮಾಡಿದ್ದು?" ಎಂದ. ಅದೇ ದನಿ, ಅದೇ ಮರುಕ. ಇವನು ಪರೀಕ್ಷೆ ಬೇರೆ ಮಾಡಿ ತೋರಿಸಿದ. ನೀರು ಹೋಗುವ ಪೈಪಿಗೆ ನನ್ನ ಹಳೇ ಬನಿಯನ್ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಕಾಯಿಸಿದ. ಒಂದು ಹನಿ ಇಳಿಯಲಿಲ್ಲ. ದುಡ್ಡು ಕೊಟ್ಟು ಕಳಿಸಿದೆ. ಮುಂದಿನ ವಾರ ಹಸ್ತಾ ಮಳೆ ಬಂತು. ಹಾಲಿನಲ್ಲಿ ಮತ್ತೆ ಪ್ರೋಕ್ಷಣೆ.

ಆರ್‌ಸಿಸಿ ಸೋರುವುದರಲ್ಲಿ ಒಂದು ಕುತಂತ್ರ ಇದೆ. ನೀರು ಒಳಗೆ ಹೋಗುವುದು ಒಂದು ಕಡೆ, ಹೊರಗೆ ಬರುವುದು ಇನ್ನೊಂದು ಕಡೆ. ಎಲ್ಲೋ ಮೂಲೆಯ ಬಿರುಕಿನಲ್ಲಿ ನುಸುಳಿ, ಸ್ಲ್ಯಾಬಿನೊಳಗಿನ ವೈರಿಂಗ್ ಪೈಪು ಹಿಡಿದು ಹತ್ತಡಿ ನಡೆದು, ಏನೂ ಗೊತ್ತಿಲ್ಲದವರ ಹಾಗೆ ಫ್ಯಾನಿನ ಹತ್ತಿರ ಇಳಿಯುತ್ತದೆ.

ಹೆಂಚಿನ ಮನೆಯಲ್ಲಿ ಈ ಮೋಸ ಕಡಿಮೆ. ಸಾಗರದ ಕಡೆಯ ನಮ್ಮ ಅಜ್ಜನ ಮನೆಗೆ ಬಾಸೆಲ್ ಮಿಷನ್ ಹೆಂಚು. ಜ್ವರ ಬಂದು ಅಂಗಾತ ಮಲಗಿದಾಗ ಹೆಂಚಿನ ಒಳಮೈಯ ಉಬ್ಬು ಅಕ್ಷರ ಓದುವುದೇ ನನಗೆ ಕೆಲಸ. 1865 ಎಂದು ಇರುತ್ತಿತ್ತು. ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ ಅದು. ನಾನು ಅದನ್ನು ನಮ್ಮ ಮನೆ ಕಟ್ಟಿದ ವರ್ಷ ಎಂದುಕೊಂಡು ಶಾಲೆಯಲ್ಲೆಲ್ಲ ಜಂಬ ಕೊಚ್ಚಿದ್ದೆ. ಹನಿ ಬಿದ್ದರೆ ಅಜ್ಜಿ ಕೆಳಗೆ ಬೋಗುಣಿ ಇಟ್ಟು, ಟಣ್ ಟಣ್ ಸದ್ದಿಗೆ ನಿದ್ದೆ ಕೆಡದಿರಲಿ ಎಂದು ಅದರೊಳಗೊಂದು ಬಟ್ಟೆ ಚೂರು ಹಾಕುತ್ತಿದ್ದಳು. ಅಜ್ಜ ಗಳದ ತುದಿಯಿಂದ ಸರಿದ ಹೆಂಚನ್ನು ಒಳಗಿನಿಂದಲೇ ತಳ್ಳಿ ಕೂರಿಸುತ್ತಿದ್ದ. ಮುಗೀತು.

ಮುಗೀತು ಅಂದೆನಲ್ಲ, ಮಂಗಗಳನ್ನು ಬಿಟ್ಟು. ಪ್ರತಿ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿ ಆಳುಗಳು ಕೆಳಗಿಳಿದ ಮಾರನೇ ದಿನವೇ ಅವು ಬರುತ್ತಿದ್ದವು. ಅದರಲ್ಲೊಂದು ಮೋಟು ಬಾಲದ ಗಡವ. ಪೇರಲೆ ಮರದಿಂದ ಕಾಯಿ ಕಿತ್ತು, ಧಡ್ಡನೆ ಮಾಡಿನ ಮೇಲೆ ಹಾರಿ, ಸರಿಯಾಗಿ ಅಜ್ಜನ ಮಂಚದ ನೆತ್ತಿಯ ಮೇಲೇ ಕೂತು ತಿನ್ನುತ್ತಿತ್ತು. ಇಡೀ ಮಾಡು ಖಾಲಿ ಇದ್ದರೂ ಅಲ್ಲೇ. ಅಜ್ಜ ಮಧ್ಯಾಹ್ನದ ನಿದ್ದೆ ಬಿಟ್ಟ. ಅಂಗಳದಲ್ಲಿ ಅಡಕೆ ಚಪ್ಪರದ ಕಂಬಕ್ಕೆ ಒರಗಿ, ಕೈಯಲ್ಲಿ ಕವಣೆ ಹಿಡಿದು, ಎಪ್ಪತ್ತನೇ ವಯಸ್ಸಿನಲ್ಲಿ ಹೊಂಚು ಹಾಕಿದ. ಮೂರು ದಿನ ಅದು ಬರಲಿಲ್ಲ. ನಾಲ್ಕನೇ ದಿನ ಬಂತು, ಕೂತಿತು, ಒಂದು ಹೆಂಚು ಲಟಕ್ ಎಂದಿತು. ಅಜ್ಜ ಕಲ್ಲು ಬೀಸಿದ. ಕಲ್ಲು ಮಂಗನಿಂದ ನಾಲ್ಕು ಮೊಳ ಆಚೆ ಬಿದ್ದು ಎರಡು ಹೆಂಚು ಪುಡಿ. ಮಂಗ ಸರಿದು ಕೂತು, ಕಲ್ಲು ಬಿದ್ದ ಜಾಗವನ್ನೂ ಅಜ್ಜನನ್ನೂ ನೋಡಿ, ಪೇರಲೆ ಮುಗಿಸಿಯೇ ಎದ್ದಿತು. ಆ ಸಂಜೆ ಅಜ್ಜ ಖರ್ಚಿನ ಪುಸ್ತಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದ: "ಮಂಗನ ಬಾಬ್ತು, ಹೆಂಚು 3." ಅಜ್ಜಿ ಪಕ್ಕದಲ್ಲೇ ದೀಪ ಹಿಡಿದು ನಿಂತಿದ್ದಳು. ಏನೂ ಅನ್ನಲಿಲ್ಲ.

ಇದನ್ನೆಲ್ಲ ಹೇಳಿ ಇನ್ನೇನೋ ದೊಡ್ಡ ಮಾತಿಗೆ ಬರಬೇಕು ಅಂತಿದ್ದೆ. ಅಷ್ಟರಲ್ಲಿ ಬಕೆಟ್ ತುಂಬಿತು.

ಮೂರನೇ ಮೇಸ್ತ್ರಿಗೆ ಫೋನ್ ಮಾಡಿದರೆ, "ಮಳೆ ನಿಲ್ಲಲಿ ಸಾರ್, ಒದ್ದೆ ಇದ್ರೆ ಕೆಲಸ ಹಿಡಿಯಲ್ಲ" ಅನ್ನುತ್ತಾನೆ. ಮಳೆ ನಿಂತ ಮೇಲೆ ಮಾಡಿದರೆ, "ಈಗ ಸೋರ್ತಾ ಇಲ್ವಲ್ಲ ಸಾರ್, ಎಲ್ಲಿ ಅಂತ ಹುಡುಕೋದು?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೈಗುಳ ಇತ್ತು. ಮುಂದೆ ಬೇಕಾಗುವ ಮನುಷ್ಯ ಎಂದು ನುಂಗಿಕೊಂಡೆ.

ಕೊನೆಗೆ ಮೊನ್ನೆ ನಾನೇ ಟಾರ್ಚ್ ಹಿಡಿದು ತಾರಸಿಯ ಮೂಲೆ ಮೂಲೆ ತಡಕಿದೆ. ಪ್ಯಾರಾಪೆಟ್ ಗೋಡೆಯಲ್ಲಿ, ನೆಲದಿಂದ ಅರ್ಧ ಅಡಿ ಮೇಲೆ, ನಾಲ್ಕು ತೂತು. ಎರಡು ಇಂಚು ನಿಲ್ಲಿಸಿದ ನೀರಿಗೆ ಅವು ಎಟುಕುವುದೇ ಇಲ್ಲ. ಬೀಸಿ ಹೊಡೆಯುವ ಮಳೆಗೆ ಮಾತ್ರ ಬಾಯಿ ತೆರೆದು ಕೂತಿವೆ. ಬೆರಳು ಇಟ್ಟು ನೋಡಿದೆ, ಒಳಗೆಲ್ಲ ತಣ್ಣಗೆ ಹಸಿ. ಎರಡು ವರ್ಷದ ಹಿಂದೆ ಟಿವಿಯ ಡಿಶ್ಶಿನ ಜಾಗ ಬದಲಾಯಿಸಲು ಆಳು ಕರೆದರೆ ದುಡ್ಡು ದಂಡ ಎಂದು, ಪಕ್ಕದ ಮನೆಯಿಂದ ಡ್ರಿಲ್ ತಂದು ನಾನೇ ಕೊರೆದ ತೂತುಗಳು. ಡಿಶ್ ಹೋಗಿ ವರ್ಷವಾಯಿತು.

ಹೆಂಡತಿ ಮೆಟ್ಟಿಲ ಹತ್ತಿರ ಛತ್ರಿ ಹಿಡಿದು ನಿಂತಿದ್ದಳು.

"ರೀ, ಏನಾದ್ರೂ ಸಿಕ್ತಾ?"

"ಗೋಡೇಲಿ ತೂತು ಇದೆ."

"ಯಾರು ಮಾಡಿದ್ದು?"

"ಡಿಶ್‌ನವರು ಇರಬೇಕು" ಅಂದೆ.