ಸೇವೆ ನಿಂತರೂ ಜಮೀನು ಉಳಿಯಲಿ ಎಂದ ಶಾಸಕಿ

ಡಾ. ಮುತ್ತುಲಕ್ಷ್ಮಿ ರೆಡ್ಡಿ ಎಂದೊಡನೆ ಚೆನ್ನೈನ ಅಡಯಾರಿನ ಕ್ಯಾನ್ಸರ್ ಆಸ್ಪತ್ರೆ ಮತ್ತು ನಿರ್ಗತಿಕ ಹೆಣ್ಣುಮಕ್ಕಳ ಆಶ್ರಯವಾದ ಅವ್ವೈ ಹೋಮ್ ನೆನಪಾಗುತ್ತವೆ. ಮದ್ರಾಸ್ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಅವರು ಮಾಡಿದ ಕೆಲಸಕ್ಕೆ ಸಲ್ಲಬೇಕಾದ ಗೌರವ ಮಾತ್ರ ಇನ್ನೂ ಸಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅವರು ಹುಟ್ಟಿದ್ದು 1886ರಲ್ಲಿ, ಪುದುಕ್ಕೋಟೆ ಸಂಸ್ಥಾನದಲ್ಲಿ. ತಂದೆ ಕಾಲೇಜಿನ ಪ್ರಾಂಶುಪಾಲರು. ತಾಯಿ ಚಂದ್ರಮ್ಮಾಳ್ ದೇವದಾಸಿ ಮನೆತನದವರು. ಹುಡುಗರ ಕಾಲೇಜಿಗೆ ಹುಡುಗಿಯೇ ಎಂದು ಊರವರು ತಕರಾರು ತೆಗೆದಾಗ ಮಹಾರಾಜರೇ ಪ್ರವೇಶ ಕೊಡಿಸಿದರು. 1912ರಲ್ಲಿ ಅವರು ವೈದ್ಯರಾದರು. 1926ರ ಚುನಾವಣೆಯಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ಮುತ್ತುಲಕ್ಷ್ಮಿಯವರು ನಾಮನಿರ್ದೇಶನದಿಂದ ಪರಿಷತ್ತಿಗೆ ಬಂದರೂ ಸದಸ್ಯರು ಅವರನ್ನು ಒಮ್ಮತದಿಂದ ಉಪಾಧ್ಯಕ್ಷರನ್ನಾಗಿ ಆರಿಸಿದರು.

ಅವರ ಶಾಸಕತನದ ನಿಜವಾದ ಸತ್ವ ಕಾಣುವುದು 1929ರಲ್ಲಿ ಅಂಗೀಕಾರವಾದ, ಹಿಂದೂ ಧಾರ್ಮಿಕ ದತ್ತಿ ಕಾಯ್ದೆಯ ತಿದ್ದುಪಡಿಯಲ್ಲಿ. ದೇವಸ್ಥಾನದಲ್ಲಿ ಹಾಡಿ ಕುಣಿಯುವ ಸೇವೆಗೆಂದು ಕೊಟ್ಟ ಇನಾಂ ಜಮೀನು ಆ ಸೇವೆ ನಡೆಯುವವರೆಗೆ ಮಾತ್ರ ಕುಟುಂಬದಲ್ಲಿ ಉಳಿಯುತ್ತಿದ್ದುದರಿಂದ, ಹೊಲ ಉಳಿಸಿಕೊಳ್ಳಬೇಕಾದರೆ ಮನೆಯ ಒಬ್ಬ ಮಗಳಾದರೂ ದೇವರ ಹೆಸರಿನಲ್ಲಿ ಗೆಜ್ಜೆ ಕಟ್ಟಲೇಬೇಕಿತ್ತು. ದೇವದಾಸಿ ಪದ್ಧತಿಯನ್ನು ಬರೀ ನಿಷೇಧಿಸಿದ್ದರೆ ಆ ಕುಟುಂಬಗಳು ಬೀದಿಪಾಲಾಗುತ್ತಿದ್ದವು. ಮುತ್ತುಲಕ್ಷ್ಮಿಯವರ ತಿದ್ದುಪಡಿ ಜಮೀನಿಗೂ ಸೇವೆಗೂ ಇದ್ದ ನಂಟನ್ನೇ ಕಡಿದು, ಸೇವೆ ಬಿಟ್ಟ ಹೆಣ್ಣಿನ ಕೈಯಿಂದ ಹೊಲ ಹೋಗದಂತೆ ನೋಡಿಕೊಂಡಿತು. ಸಂಕಟದ ಬೇರು ಎಲ್ಲಿದೆಯೆಂದು ತಿಳಿದವರು ಮಾತ್ರ ಇಂಥ ಕಾನೂನು ಬರೆಯಬಲ್ಲರು.

ಸತ್ಯಮೂರ್ತಿಯವರಂಥ ಕಾಂಗ್ರೆಸ್ ನಾಯಕರು ಅವರನ್ನು ವಿರೋಧಿಸಿದರು. ಮದ್ರಾಸಿನ ದೇವದಾಸಿಯರೂ ಸಂಘ ಕಟ್ಟಿಕೊಂಡು ಈ ಸುಧಾರಣೆಯ ವಿರುದ್ಧ ಮನವಿ ಸಲ್ಲಿಸಿದರು. ತಮ್ಮ ಕಲೆಯನ್ನೇ ಕಳಂಕವೆಂಬಂತೆ ಆಡಿದ ಸುಧಾರಕರ ಮಾತು ಅವರನ್ನು ನೋಯಿಸಿದ್ದು ಸಹಜ, ಆ ನೋವನ್ನು ನಾವು ಅಲ್ಲಗಳೆಯಬಾರದು. ಆದರೆ ತನ್ನ ಬದುಕನ್ನು ಯಾರೋ ಮುಡಿಪಾಗಿಡುವಾಗ ಒಲ್ಲೆನೆನ್ನಲೂ ಆಗದ ಎಳೆಯ ಹುಡುಗಿಯ ಪರವಾಗಿ ಸದನದಲ್ಲಿ ಒಬ್ಬರಾದರೂ ನಿಲ್ಲಬೇಕಿತ್ತು.

ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತ್ತು. ಆದರೆ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಮದ್ರಾಸಿಗೆ ಸೇರಿದ್ದರಿಂದ, ಮುತ್ತುಲಕ್ಷ್ಮಿಯವರ ಹೋರಾಟ ಕನ್ನಡದ ಹೆಣ್ಣುಮಕ್ಕಳದೂ ಆಗಿತ್ತು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಅವರು ಸ್ಥಾನ ತೊರೆದರು. ಹೆಣ್ಣುಮಕ್ಕಳನ್ನು ದೇವರಿಗೆ ಅರ್ಪಿಸುವುದನ್ನೇ ನಿಷೇಧಿಸುವ ಕಾಯ್ದೆ ಮದ್ರಾಸಿನಲ್ಲಿ ಬಂದದ್ದು 1947ರಲ್ಲಿ.

ಕರ್ನಾಟಕದ ಕಾಯ್ದೆ 1982ರದು. ಅದರ ನಂತರವೂ ಮಾಜಿ ದೇವದಾಸಿಯರು ಭೂಮಿಗಾಗಿ, ಮನೆಗಾಗಿ ಮನವಿ ಹಿಡಿದು ಧರಣಿ ಕೂರುತ್ತಲೇ ಇದ್ದಾರೆ. ನಮ್ಮ ಶಾಸಕರು 1929ರ ಆ ತಿದ್ದುಪಡಿಯನ್ನು ಒಮ್ಮೆ ಓದಿ, ಈ ತಾಯಂದಿರ ಹೆಸರಿಗೆ ಜಮೀನು ಬರೆಸಿಕೊಡುವ ಮಾತನ್ನು ಸದನದಲ್ಲಿ ಎತ್ತಬೇಕು.