ಚಿಲ್ಲರೆ ಕಳ್ಳತನ ಅನ್ನಬೇಡಿ

ಹೋದ ತಿಂಗಳು ನಮ್ಮ ಪಂಪ್‌ಸೆಟ್‌ನ ಕೇಬಲ್ ಕತ್ತರಿಸಿಕೊಂಡು ಹೋದರು. ಹತ್ತು ಮಾರು ಇರಬಹುದು. ಸುಟ್ಟು ತಾಮ್ರ ತೆಗೆದು ಗುಜರಿಗೆ ಹಾಕಿದರೆ ಕದ್ದವರಿಗೆ ಸಿಗುವುದು ಪುಡಿಗಾಸು. ನಮಗೆ ಹೊಸ ಕೇಬಲ್‌ನ ಖರ್ಚು, ಹಾಕುವವರಿಗಾಗಿ ನಾಲ್ಕು ದಿನದ ಕಾಯುವಿಕೆ, ಅಷ್ಟರಲ್ಲಿ ನೀರಿಲ್ಲದೆ ಒಣಗಿದ ಸಸಿಗಳು. ಇದನ್ನು ಚಿಲ್ಲರೆ ಕಳ್ಳತನ ಅಂದರೆ ನನಗೆ ಸಿಟ್ಟು ಬರುತ್ತದೆ.

ಕೇಬಲ್‌ಗಿಂತ ಜಾಸ್ತಿ ನೋವಾದದ್ದು ಊರಿನವರ ಮಾತಿಗೆ. "ಹೋಗಲಿ ಬಿಡಿ, ನಾಳೆ ಅವನ ಮುಖ ನೋಡಬೇಕಲ್ಲ." ಆಮೇಲೆ ಗೊತ್ತಾಯಿತು, ನಮಗಿಂತ ಮೊದಲು ಮೂವರ ಕೇಬಲ್ ಹೋಗಿತ್ತು. ಯಾರೂ ದೂರು ಕೊಟ್ಟಿರಲಿಲ್ಲ. ಪಕ್ಕದ ಹೊಲದವರಿಗೂ ಹೇಳಿರಲಿಲ್ಲ. ಮೊದಲನೆಯವರು ಬಾಯಿ ಬಿಟ್ಟಿದ್ದರೆ ಉಳಿದವರು ಹುಷಾರಾಗುತ್ತಿದ್ದೆವು ಅಲ್ವಾ?

ಹಿಡಿದು ನಾಲ್ಕು ಬಾರಿಸಿ ಅನ್ನುವವರೂ ಇದ್ದಾರೆ. ಅದಂತೂ ಬೇಡವೇ ಬೇಡ. ಅನುಮಾನ ಮೊದಲು ಹೋಗುವುದು ಬಡವರ ಮನೆ ಕಡೆಗೆ, ಹೊರಗಿನಿಂದ ಬಂದವರ ಕಡೆಗೆ. ಆಮೇಲೆ ಅವರಲ್ಲ ಅಂತ ಗೊತ್ತಾದರೆ ಬಿದ್ದ ಏಟನ್ನು ವಾಪಸ್ ತೆಗೆದುಕೊಳ್ಳಲು ಆಗುತ್ತದೆಯೇ?

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಚಿಕ್ಕ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಹಾನಿ ಮಾಡಿದರು. ಗಾಜು ಒಡೆದರು, ಕಾರುಗಳ ಟೈರು ಸೀಳಿದರು. ಸಿಕ್ಕಿಬಿದ್ದು ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಆಗ ಮಾರ್ಕ್ ಯಾಂಟ್ಜಿ ಎಂಬ ಪ್ರೊಬೇಷನ್ ಅಧಿಕಾರಿ (ಜೈಲಿಗೆ ಹಾಕದೆ ಕೋರ್ಟು ಬಿಟ್ಟ ತಪ್ಪಿತಸ್ಥರ ಮೇಲೆ ನಿಗಾ ಇಡುವವರು), ಈ ಹುಡುಗರು ನಷ್ಟ ಆದವರನ್ನು ಮುಖಾಮುಖಿ ನೋಡಲಿ ಎಂದು ಸೂಚಿಸಿದರು. ನ್ಯಾಯಾಧೀಶರು ಒಪ್ಪಿದರು. ಹುಡುಗರು ಮನೆಮನೆ ಬಾಗಿಲು ತಟ್ಟಿದರು. ಎಷ್ಟು ಹಾಳಾಗಿದೆ ಅಂತ ಕೇಳಿಕೊಂಡರು. ಕೆಲವೇ ತಿಂಗಳಲ್ಲಿ ಆ ಹಣ ಕಟ್ಟಿಕೊಟ್ಟರು. ಇದನ್ನು ಓದಿದಾಗಿನಿಂದ ನಮ್ಮ ಊರಿನ ಮಾತೇ ನೆನಪಾಗುತ್ತಿದೆ. ನಾಳೆ ಮುಖ ನೋಡಬೇಕು, ನಿಜ. ಅದಕ್ಕೇ ಹೇಳಬೇಕು. ನನ್ನ ಸಸಿ ಒಣಗಿದ್ದನ್ನು ಕೇಬಲ್ ಕದ್ದವನು ಬಂದು ಕಣ್ಣಾರೆ ನೋಡಲಿ. ತಾನು ಕದ್ದದ್ದು ಬರೀ ತಂತಿ ಅಂತಲೇ ಅವನು ಅಂದುಕೊಂಡಿರಬಹುದು.

ಇನ್ನೊಂದು ವಿಷಯ. ನಮ್ಮ ಬಸ್ ನಿಲ್ದಾಣದ ಕಲ್ಲುಬೆಂಚು ಮುರಿದು ವರ್ಷವಾಯಿತು. ಮೊದಲು ಬೆಂಚು, ಆಮೇಲೆ ಲೈಟು, ಈಗ ಗೋಡೆ ತುಂಬಾ ಗೀಚು. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ನಡೆಸಿದ ಒಂದು ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅಂಚೆ ಪೆಟ್ಟಿಗೆಯಿಂದ ಅರ್ಧ ಹೊರಗೆ ಚಾಚಿದ ಲಕೋಟೆ, ಒಳಗೆ 5 ಯೂರೋ ನೋಟು ಕಾಣುತ್ತಿತ್ತು. ಪೆಟ್ಟಿಗೆ ಚೊಕ್ಕಟವಾಗಿದ್ದಾಗ ಅದನ್ನು ಎತ್ತಿಕೊಂಡವರು ಶೇ. 13. ಪೆಟ್ಟಿಗೆ ಮೇಲೆ ಗೀಚಿದ್ದಾಗ ಶೇ. 27. ಮುರಿದದ್ದನ್ನು ಬೇಗ ರಿಪೇರಿ ಮಾಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ನಾನು ದೂರು ಕೊಟ್ಟಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ, ಹೋದದ್ದು ಏನು, ಯಾವಾಗ, ಎಲ್ಲಿ ಅಂತ ಮಾತ್ರ ಬರೆದಿದ್ದೇನೆ. ಕೇಬಲ್ ಕಳೆದುಕೊಂಡ ಆ ಮೂವರನ್ನೂ ಕರೆದೆ. ಇಬ್ಬರು ಜೊತೆಗೆ ಬಂದು ತಾವೂ ಬರೆದುಕೊಟ್ಟರು. ಮೂರನೆಯವರ ಮನೆಗೆ ನಾಳೆ ಮತ್ತೆ ಹೋಗುತ್ತೇನೆ.